ಗಣಕಕ್ಕೆ ಕಂಡ ಎರಡು ಸೊರಬ

ನಮ್ಮೂರು ಕುಬಟೂರು. ಶಾಸನಗಳಲ್ಲಿ ಕುಪ್ಪಟೂರು. ಕೈಟಭೇಶ್ವರ ದೇವಾಲಯ ನೋಡಲು ಬಂದವರಿಗೆ ನಮ್ಮ ಹಿರಿಯರು ದೇವಾಲಯದ ವಿಷಯಕ್ಕಿಂತ ಮೊದಲು ಚಂದ್ರಹಾಸನ ಕಥೆ ಹೇಳುತ್ತಾರೆ. ಇದೇ ಆ ಕುಂತಳನಗರ ಎಂಬುದು ಇಲ್ಲಿಯ ನಂಬಿಕೆ. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ, ಯಕ್ಷಗಾನ ನೋಡಿದವರಿಗೆ ಆ ಪ್ರಸಂಗ ಗೊತ್ತೇ ಇದೆ. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕೊಟ್ಟು ಕಳಿಸುತ್ತಾನೆ. ಇದನ್ನು ತಂದವನಿಗೆ ವಿಷ ಕೊಡು ಎಂದು ಅದರ ಒಕ್ಕಣೆ. ದಾರಿ ನಡೆದು ದಣಿದ ಚಂದ್ರಹಾಸ ಉಪವನದಲ್ಲಿ ನಿದ್ದೆ ಹೋಗಿದ್ದಾಗ ಮಂತ್ರಿಯ ಮಗಳು ವಿಷಯೆ ಆ ಪತ್ರ ಓದುತ್ತಾಳೆ. ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದುತ್ತಾಳೆ. ‘ವಿಷ’ ಹೋಗಿ ‘ವಿಷಯೆ’ಯಾಗುತ್ತದೆ. ಸಾಯಬೇಕಾದವನು ಮನೆಯ ಅಳಿಯನಾಗುತ್ತಾನೆ.

ಒಂದಕ್ಷರದ ಬೆಲೆ ಅಷ್ಟು. ಆದರೆ ಮದನನಿಗಾದರೂ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು. ಕಣ್ಣಿಗೆ ಕಾಣದ ವ್ಯತ್ಯಾಸವೊಂದು ನಮ್ಮ ತಾಲ್ಲೂಕಿನ ಅರ್ಧ ಮಳೆಯನ್ನು ನುಂಗಿದ ಸಂಗತಿಯನ್ನು ಈ ವಾರ ಹೇಳಬೇಕೆಂದಿದ್ದೇನೆ.

ಕಳೆದ ಆಷಾಢದಲ್ಲಿ ಒಂದು ಸಂಜೆ, ನನ್ನಲ್ಲಿ ಹೈಸ್ಕೂಲು ಓದಿ ಈಗ ಬಿ.ಎಸ್ಸಿ. ಮಾಡುತ್ತಿರುವ ಹುಡುಗಿಯೊಬ್ಬಳು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಹಿಂದೆಯೇ ಛತ್ರಿ ಮಡಚುತ್ತ ಅವಳ ತಂದೆ. ಮಗಳ ಮುಖ ಅಳುವಂತಿತ್ತು, ತಂದೆಯ ಮುಖದಲ್ಲಿ ನಗುವಿತ್ತು.

‘ಮೇಷ್ಟ್ರೇ, ಶಿಕಾರಿಪುರಕ್ಕಿಂತ ನಮ್ಮ ಸೊರಬದಲ್ಲಿ ಮಳೆ ಕಡಿಮೆಯಂತೆ. ಇವಳ ಕಂಪ್ಯೂಟರು ಹೇಳ್ತಾ ಇದೆ. ನಾನು ಗದ್ದೆಯಲ್ಲಿ ನಿಂತು ಐವತ್ತು ಮಳೆಗಾಲ ಕಂಡವನು. ನಂಬಲೋ ಬೇಡವೋ ನೀವೇ ಹೇಳಿ’ ಎಂದರು.

‘ಸರ್, ಸೋಮವಾರ ಪ್ರಾಜೆಕ್ಟ್ ಒಪ್ಪಿಸಬೇಕು. ಎಲ್ಲಾ ಸರಿಯಾಗಿ ಮಾಡಿದ್ದೇನೆ. ಪ್ರೋಗ್ರಾಂ ಒಂದೂ ತಪ್ಪು ತೋರಿಸಲಿಲ್ಲ’ ಎಂದಳು ಆಕೆ.

ಅವಳ ವಿಷಯ ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಮಳೆ. ಎರಡು ವರ್ಷಗಳದ್ದು ಎರಡು ಕಡತಗಳು. ಪ್ರತಿ ಕಡತದಲ್ಲೂ ತಿಂಗಳಿಗೊಂದರಂತೆ 12 ಸಾಲು. ಮೊದಲ ಕಾಲಂ ತಿಂಗಳು; ಆಮೇಲೆ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಶಿಕಾರಿಪುರ. ಎಲ್ಲ ಹೆಸರುಗಳೂ ಕನ್ನಡದಲ್ಲಿ. ನನಗೆ ಅದು ಬಹಳ ಇಷ್ಟವಾಯಿತು. ಪೈಥಾನ್ ಭಾಷೆಯಲ್ಲಿ ‘ಪಾಂಡಾಸ್’ ಎಂಬ ಸಾಧನವಿದೆ. ವೆಸ್ ಮೆಕಿನ್ನಿ ಎಂಬವರು 2008ರಲ್ಲಿ ಬರೆಯಲು ತೊಡಗಿದ್ದು. ಹೆಸರು ಕೇಳಿದರೆ ಕರಡಿಯ ನೆನಪಾಗುತ್ತದೆ, ಆದರೆ ಅದು ಹುಟ್ಟಿದ್ದು ‘ಪ್ಯಾನೆಲ್ ಡೇಟಾ’ ಎಂಬ ಸಂಖ್ಯಾಶಾಸ್ತ್ರದ ಮಾತಿನಿಂದ. ಅದರಲ್ಲಿ ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಲು ಒಂದೇ ಆಜ್ಞೆ ಸಾಕು. ಜೋಡಿಸಿದ್ದಳು, ಪ್ರತಿ ತಾಲ್ಲೂಕನ್ನೂ ಕೂಡಿಸಿದ್ದಳು, ಚಿತ್ರ ಬರೆಸಿದ್ದಳು. ಆ ಚಿತ್ರದಲ್ಲಿ ಸೊರಬದ ಕಂಬ ಶಿಕಾರಿಪುರದ್ದಕ್ಕಿಂತ ಗಿಡ್ಡ. ಅದಾದರೂ ಹೋಗಲಿ ಎಂದರೆ, ಆಗುಂಬೆಯನ್ನು ಮಡಿಲಲ್ಲಿಟ್ಟುಕೊಂಡ ತೀರ್ಥಹಳ್ಳಿ ಸಾಗರದ ಮುಂದೆ ಕುಬ್ಜನಂತೆ ನಿಂತಿತ್ತು!

‘ಅಪ್ಪ ಹೇಳಿದ್ದು ಸರಿ. ಕಾಲಂಗಳ ಹೆಸರು ಮಾತ್ರ ಪಟ್ಟಿ ಮಾಡಿಸು ನೋಡೋಣ’ ಎಂದೆ.

ಪಟ್ಟಿ ಬಂತು. ಎಂಟು ಇರಬೇಕಾದಲ್ಲಿ ಹನ್ನೆರಡು. ಶಿವಮೊಗ್ಗ ಎರಡು ಸಲ, ತೀರ್ಥಹಳ್ಳಿ ಎರಡು ಸಲ, ಹೊಸನಗರ ಎರಡು ಸಲ, ಸೊರಬ ಎರಡು ಸಲ. ಭದ್ರಾವತಿ, ಸಾಗರ, ಶಿಕಾರಿಪುರ ಮಾತ್ರ ಒಂದೊಂದೇ. ಒಂದು ಸೊರಬದಲ್ಲಿ ಮೊದಲ ವರ್ಷದ 12 ಅಂಕಿ, ಉಳಿದದ್ದು ಖಾಲಿ. ಇನ್ನೊಂದು ಸೊರಬದಲ್ಲಿ ಮೊದಲ ವರ್ಷ ಖಾಲಿ, ಎರಡನೆಯ ವರ್ಷ ಭರ್ತಿ. ಅವಳು ಕೂಡಿಸಿದ್ದು ಒಂದೇ ಸೊರಬವನ್ನು. ಪಾಂಡಾಸ್ ಕೂಡುವಾಗ ಖಾಲಿ ಮನೆಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ತಪ್ಪು ಎಂದು ಒಂದು ಮಾತೂ ಹೇಳುವುದಿಲ್ಲ. ಅಳತೆಪಾತ್ರೆಯಲ್ಲಿ ಬಿದ್ದ ಮಳೆ ಹೀಗೆ ಪಟ್ಟಿಯಲ್ಲಿ ಅರ್ಧವಾಯಿತು.

ಪಾಂಡಾಸ್ ಪಟ್ಟಿಗಳನ್ನು ಜೋಡಿಸುವುದು ಕಾಲಂಗಳ ಸ್ಥಾನ ನೋಡಿ ಅಲ್ಲ, ಹೆಸರು ನೋಡಿ. ಹೆಸರು ಹೊಂದಿದರೆ ಕೆಳಗೆ ಸೇರಿಸುತ್ತದೆ; ಹೊಂದದಿದ್ದರೆ ಹೊಸ ಕಾಲಂ ತೆರೆಯುತ್ತದೆ. ಹಾಗಾದರೆ ನಮ್ಮ ಎರಡು ಸೊರಬಗಳು ಏಕೆ ಹೊಂದಲಿಲ್ಲ? ಎರಡನ್ನೂ ಅಕ್ಕಪಕ್ಕ ಇಟ್ಟು ಭೂತಕನ್ನಡಿಯಲ್ಲಿ ನೋಡಿದರೂ ಒಂದೇ. ಎರಡೂ ಸಮವೇ ಎಂದು ಗಣಕವನ್ನು ಕೇಳಿದೆವು. ‘ಸುಳ್ಳು’ ಎಂದಿತು. ಹೆಸರಿನ ಕೊನೆಯಲ್ಲಿ ಖಾಲಿ ಜಾಗ ಅಂಟಿಕೊಂಡಿದೆಯೋ ಎಂದು ಅದನ್ನು ಕತ್ತರಿಸುವ ಆಜ್ಞೆ ಕೊಟ್ಟೆವು. ಹತ್ತರಲ್ಲಿ ಎಂಟು ಸಲ ರೋಗ ಅದೇ ಆಗಿರುತ್ತದೆ. ಈ ಸಲ ಅಲ್ಲ. ಉದ್ದ ಎಷ್ಟು ಎಂದು ಕೇಳಿದೆವು. ಒಂದು ಸೊರಬ 4 ಎಂದಿತು, ಇನ್ನೊಂದು 5. ತೀರ್ಥಹಳ್ಳಿ ಒಂದು 10, ಇನ್ನೊಂದು 11.

ಆಗ ನಾನು ಅವಳಿಗೆ ಒಂದು ಪ್ರಶ್ನೆ ಹಾಕಿದೆ. ‘ಎರಡಾದ ನಾಲ್ಕು ಹೆಸರುಗಳಲ್ಲಿ ಇದ್ದು, ಒಂದೇ ಉಳಿದ ಮೂರರಲ್ಲಿ ಇಲ್ಲದ್ದು ಏನು?’ ಆಕೆ ಬಹಳ ಹೊತ್ತು ಪರದೆ ನೋಡಿದಳು. ಉತ್ತರ ಬಂದದ್ದು ಅವಳಿಂದಲ್ಲ. ಬಾಗಿಲ ಬಳಿ ಎಲೆಯಡಿಕೆ ಹಾಕುತ್ತಿದ್ದ ತಂದೆಯಿಂದ. ‘ಸೊ, ಹೊ, ಮೊ ಮೂರಕ್ಕೂ ಒತ್ವ ಇದೆಯಲ್ಲ ಮೇಷ್ಟ್ರೇ?’

ಇದೆ. ತೀರ್ಥಹಳ್ಳಿಯಲ್ಲಿ ಗುಡಿಸಿನ ದೀರ್ಘ. ಒಂದನೇ ಕ್ಲಾಸಿನಲ್ಲಿ ನಾವು ಕಾಗುಣಿತ ಹೇಗೆ ತಿದ್ದಿದೆವು? ‘ಸ’ಕ್ಕೆ ಎತ್ವ ಕೊಟ್ಟು ಪಕ್ಕದಲ್ಲಿ ಕೊಂಬಿನ ಇಳಿ ಹಾಕಿದರೆ ‘ಸೊ’. ‘ತಿ’ಗೆ ಪಕ್ಕದಲ್ಲಿ ದೀರ್ಘ ಎಳೆದರೆ ‘ತೀ’. ಯೂನಿಕೋಡ್ ಬರುವ ಮೊದಲು ಕನ್ನಡ ಫಾಂಟುಗಳೂ ಅಕ್ಷರವನ್ನು ಹೀಗೆ ತುಂಡುತುಂಡಾಗಿ, ಆಕಾರಗಳ ಲೆಕ್ಕದಲ್ಲಿ ಇಡುತ್ತಿದ್ದವು. ಯೂನಿಕೋಡಿನಲ್ಲಿ ಒತ್ವಕ್ಕೆ ತನ್ನದೇ ಒಂದು ಸಂಕೇತವಿದೆ. ಆದರೆ ಎತ್ವ ಮತ್ತು ಕೊಂಬಿನ ಇಳಿ ಎಂಬ ಎರಡು ಸಂಕೇತಗಳನ್ನು ಒಂದರ ಹಿಂದೊಂದು ಇಟ್ಟರೂ ಪರದೆಯ ಮೇಲೆ ಅದೇ ‘ಸೊ’ ಮೂಡುತ್ತದೆ. ಎರಡೂ ಬರಹ ಸಮಾನ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಪ್ರೋಗ್ರಾಂ ಎರಡು ಹೆಸರುಗಳನ್ನು ಹೋಲಿಸುವಾಗ ಆ ನಿಯಮವನ್ನು ತಾನಾಗಿ ನೆನೆಯುವುದಿಲ್ಲ. ಸಂಕೇತಗಳನ್ನು ಒಂದೊಂದಾಗಿ ನೋಡುತ್ತದೆ, ಅಷ್ಟೆ.

ವಿಚಾರಿಸಿದಾಗ ವಿಷಯ ಹೊರಬಿತ್ತು. ಒಂದು ವರ್ಷದ ಪಟ್ಟಿಯನ್ನು ಆಕೆ ತಾನೇ ಟೈಪ್ ಮಾಡಿದ್ದಳು. ಇನ್ನೊಂದು ಎಲ್ಲೋ ಹಳೆಯ ಫಾಂಟಿನಲ್ಲಿದ್ದದ್ದು. ಯಾವುದೋ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡದ್ದು. ಆ ಪರಿವರ್ತಕ ಹಳೆಯ ತುಂಡುಗಳನ್ನು ತುಂಡುಗಳಾಗಿಯೇ ದಾಟಿಸಿತ್ತು.

ಪರಿಹಾರಕ್ಕೆ ಒಂದೇ ಸಾಲು ಸಾಕಾಯಿತು. ಪೈಥಾನಿನೊಡನೆಯೇ ಬರುವ ‘ಯೂನಿಕೋಡ್‌ಡೇಟಾ’ ಎಂಬ ಭಾಗದಲ್ಲಿ ‘ನಾರ್ಮಲೈಸ್’ ಎಂಬ ಆಜ್ಞೆ ಇದೆ. ಅದಕ್ಕೆ ‘ಎನ್‌ಎಫ್‌ಸಿ’ ಎಂಬ ರೂಪ ಬೇಕೆಂದು ಹೇಳಿದರೆ ತುಂಡುಗಳನ್ನು ಬೆಸೆದು ಒಂದೇ ಸಂಕೇತ ಮಾಡುತ್ತದೆ. ಎರಡೂ ಕಡತಗಳ ಕಾಲಂ ಹೆಸರುಗಳ ಮೇಲೆ ಮೊದಲು ಅದನ್ನು ನಡೆಸಿ, ಹಿಂದುಮುಂದಿನ ಖಾಲಿ ಜಾಗ ಕತ್ತರಿಸಿ, ಆಮೇಲೆ ಜೋಡಿಸಿದೆವು. ಕಾಲಂ ಎಷ್ಟು? ಎಂಟು. ಜೋಡಿಸುವ ಮೊದಲು ಎಷ್ಟಿದ್ದವು, ಆಮೇಲೆ ಎಷ್ಟಾದವು ಎಂದು ಎಣಿಸಿ ನೋಡುವ ಅಭ್ಯಾಸವನ್ನು ಮಕ್ಕಳು ಇಟ್ಟುಕೊಳ್ಳಬೇಕು. ಸಂತೆಗೆ ಹೋದ ದನಗಳನ್ನು ಸಂಜೆ ಎಣಿಸುವುದಿಲ್ಲವೆ, ಹಾಗೆ.

ನಾರ್ಮಲೈಸ್ ಮಾಡದ ಕೆಲಸವೂ ಇದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು. ಹಳೆಯ ಪಟ್ಟಿಗಳ ತಲೆಯಲ್ಲಿ ‘ಶಿಮೊಗ’ ಎಂದಿರುತ್ತದೆ, ಹೊಸದರಲ್ಲಿ ‘ಶಿವಮೊಗ್ಗ’. ಇವೆರಡೂ ಒಂದೇ ಊರು ಎಂದು ಯಾವ ಯಂತ್ರಕ್ಕೂ ತಿಳಿಯದು. ‘ರೀನೇಮ್’ ಎಂಬ ಆಜ್ಞೆಗೆ ಇದು ಹಳೆಯದು, ಇದು ಹೊಸದು ಎಂದು ನಾವೇ ಬರೆದುಕೊಡಬೇಕು.

ಇಲ್ಲಿ ಆ ತಂದೆ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ‘ಹೆಸರಿನ ರಗಳೆ ಯಾಕೆ ಮೇಷ್ಟ್ರೇ? ಏಳನೇ ಕಾಲಂ ಅಂದರೆ ಆಗಲ್ವ? ಪಹಣಿಯಲ್ಲಿ ಹಾಗೇ ಅಲ್ವ ನಾವು ಹೇಳೋದು?’

ಹೌದು. ನಮ್ಮ ಕಡೆ ಓದು ಬಾರದವರಿಗೂ ಪಹಣಿಯ ಕಾಲಂ 9 ಗೊತ್ತು, 11 ಗೊತ್ತು. 9ರಲ್ಲಿ ಒಡೆಯನ ಹೆಸರು, 11ರಲ್ಲಿ ಬ್ಯಾಂಕಿನ ಸಾಲ, 12ರಲ್ಲಿ ಸಾಗುವಳಿದಾರ. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ನ್ಯಾಯಮಂಡಳಿಯ ಮುಂದೆ ನಿಂತಾಗ, ತನ್ನ ಹೆಸರು ಸಾಗುವಳಿಯ ಕಾಲಮ್ಮಿನಲ್ಲಿ ಇದೆಯೋ ಇಲ್ಲವೋ ಎಂಬುದು ಎಷ್ಟೋ ಮನೆಗಳ ಅನ್ನದ ಪ್ರಶ್ನೆಯಾಗಿತ್ತು. ಅದೇ ಹೆಸರು, ಅದೇ ಹಾಳೆ. ಯಾವ ಕಾಲಂ ಎಂಬುದೇ ಎಲ್ಲ. ಪಹಣಿಯಲ್ಲಿ ಸಂಖ್ಯೆ ನಡೆಯುತ್ತದೆ, ಏಕೆಂದರೆ ಅದರ ನಮೂನೆ ಸರ್ಕಾರದ ನಿಯಮದಿಂದ ಬಂದದ್ದು. ಯಾರೂ ಮನಸ್ಸಿಗೆ ಬಂದಂತೆ ನಡುವೆ ಒಂದು ಕಾಲಂ ತುರುಕುವಂತಿಲ್ಲ. ನಮ್ಮ ಹುಡುಗರ ಕಡತಗಳು ಹಾಗಲ್ಲ. ಇವತ್ತು ಏಳನೆಯದು ಸೊರಬ. ನಾಳೆ ಮೊದಲಲ್ಲಿ ‘ಕ್ರಮ ಸಂಖ್ಯೆ’ ಸೇರಿಸಿದರೆ ಏಳನೆಯದು ಹೊಸನಗರ. ಅಲ್ಲದೆ ಪೈಥಾನ್ ಎಣಿಸುವುದು ಸೊನ್ನೆಯಿಂದ. ನಮ್ಮ 9 ಅದರ 8. ಹಾಗಾಗಿ ಹೆಸರು ಹಿಡಿದು ಕರೆಯುವುದೇ ಕ್ಷೇಮ.

ಹೆಸರಿಡುವುದೂ ಒಂದು ವಿದ್ಯೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಎರಡು ಇಂಗ್ಲಿಷ್ ಅಕ್ಷರ ಮತ್ತು ಒಂದು ಸಂಖ್ಯೆ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಅವರಿಗೊಂದು ತೊಡಕಿತ್ತು. ಶಿವಮೊಗ್ಗ, ಶಿಕಾರಿಪುರ, ಸೊರಬ, ಸಾಗರ, ನಾಲ್ಕೂ ಇಂಗ್ಲಿಷಿನಲ್ಲಿ ‘ಎಸ್’ನಿಂದಲೇ ಶುರು. ‘ಎಸ್‌ಎಚ್’, ‘ಎಸ್‌ಕೆ’, ‘ಎಸ್‌ಬಿ’, ‘ಎಸ್‌ಎ’ ಎಂದು ಬೇರೆಬೇರೆ ಮಾಡಿದರು. ಕುಬಟೂರಿನ ಶಾಸನಗಳು ಬಂದ 8ನೆಯ ಸಂಪುಟ ಅಚ್ಚಾದದ್ದು 1904ರಲ್ಲಿ. ಇವತ್ತಿಗೂ ಸಂಶೋಧಕರು ‘ಎಸ್‌ಬಿ’ ಎಂದು ಸಂಖ್ಯೆ ಹೇಳಿದರೆ ಅದು ಸೊರಬದ ಇಂಥದೇ ಕಲ್ಲು. ಚಿಕ್ಕದು, ಒಂದಕ್ಕೊಂದು ಹೋಲುವುದಿಲ್ಲ, ನಡುವೆ ಗೊಂದಲವಿಲ್ಲ. ಕಾಲಂ ಹೆಸರಿಗೆ ಇದಕ್ಕಿಂತ ಮಾದರಿ ಬೇಕೆ?

ಹೋಲುವ ಹೆಸರುಗಳಿದ್ದರೆ ಏನಾಗುತ್ತದೆ ನೋಡಿ. ಕಚೇರಿಯ ಪಟ್ಟಿಗಳಲ್ಲಿ ಮೇಲೆ ‘2019’, ‘2020’ ಎಂದು ದೊಡ್ಡ ತಲೆಬರಹ, ಕೆಳಗೆ ಪ್ರತಿಯೊಂದಕ್ಕೂ ‘ಗಂಡು, ಹೆಣ್ಣು, ಒಟ್ಟು’ ಇರುತ್ತದೆ. ಕೆಳಗಿನ ಸಾಲನ್ನಷ್ಟೇ ತಲೆಬರಹವೆಂದು ಓದಿಸಿದರೆ ಪಾಂಡಾಸ್ ಎರಡನೆಯ ‘ಒಟ್ಟು’ವಿಗೆ ತಾನೇ ‘ಒಟ್ಟು.1’ ಎಂದು ಬಾಲ ಅಂಟಿಸುತ್ತದೆ. ಆರ್ ಎಂಬ ಇನ್ನೊಂದು ಭಾಷೆ ಇಂಗ್ಲಿಷ್ ಹೆಸರಿನ ನಡುವಿನ ಖಾಲಿ ಜಾಗಕ್ಕೆ ತಾನಾಗಿಯೇ ಚುಕ್ಕಿ ಇಡುತ್ತದೆ. ಯಂತ್ರ ನಾಮಕರಣ ಮಾಡುವ ಮೊದಲು ನಾವೇ ಮಾಡಿಬಿಡುವುದು ಒಳ್ಳೆಯದು.

ಮಾನವನ್ನೂ ಹೆಸರಿನಲ್ಲೇ ಸೇರಿಸಿ. ಕಾಫಿ ತೋಟದವರು ಮಳೆಯನ್ನು ಇಂಚಿನಲ್ಲಿ ಹೇಳುತ್ತಾರೆ, ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ. ಬರೀ ‘ಮಳೆ’ ಎಂದರೆ ಯಾವುದು? ಒಂದು ಇಂಚು 25.4 ಮಿ.ಮೀ. ನಾಸಾದ ಮಂಗಳನೌಕೆಯೊಂದು 1999ರ ಸೆಪ್ಟೆಂಬರಿನಲ್ಲಿ ನಾಶವಾದದ್ದು ಇಂಥ ಗೊಂದಲದಿಂದಲೇ. ಒಂದು ಕಡೆಯವರ ಅಂಕಿ ಪೌಂಡ್ ಲೆಕ್ಕದಲ್ಲಿತ್ತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಎಂದುಕೊಂಡರು. ‘ಮಳೆ_ಮಿಮೀ’ ಎಂದು ಬರೆಯಲು ಹೆಚ್ಚು ಹೊತ್ತು ಬೇಡ.

ಹುಡುಗಿಯನ್ನು ತಿದ್ದಿದೆ ಎಂದು ನಾನೇನೂ ಬೀಗುವಂತಿಲ್ಲ. ಕೆಲವು ವರ್ಷಗಳ ಹಿಂದೆ ಸಾಕ್ಷರತಾ ದಿನದಂದು ಊರಿನವರೆದುರು ಭಾಷಣ ಮಾಡಲು 2011ರ ಜನಗಣತಿಯ ಪ್ರಾಥಮಿಕ ಸಾರಾಂಶವನ್ನು ತೆರೆದಿದ್ದೆ. ಅದರ ಕಾಲಂಗಳ ಹೆಸರುಗಳೆಲ್ಲ ಇಂಗ್ಲಿಷಿನ ಮೊಟಕು. ಒಟ್ಟು ಜನಕ್ಕೆ ‘ಟಾಟ್_ಪಿ’, ಅಕ್ಷರಸ್ಥರಿಗೆ ‘ಪಿ_ಲಿಟ್’, ಅನಕ್ಷರಸ್ಥರಿಗೆ ‘ಪಿ_ಇಲ್’, ಮತ್ತೊಂದು ‘ಪಿ_06’. ಕೊನೆಯದು ನನಗೆ ಬೇಡವೆಂದು ಬಿಟ್ಟೆ. ‘ಪಿ_ಇಲ್’ ಅನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿ, ಇಷ್ಟು ಮಂದಿ ಅನಕ್ಷರಸ್ಥರು, ನಾವು ತಲೆ ತಗ್ಗಿಸಬೇಕು ಎಂದು ಗುಡುಗಿದೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೆಲ್ಲಗೆ ಕೇಳಿದರು: ‘ಮೇಷ್ಟ್ರೇ, ಇದರಲ್ಲಿ ತೊಟ್ಟಿಲಲ್ಲಿರೋ ನನ್ನ ಮರಿಮೊಮ್ಮಗನನ್ನೂ ಸೇರಿಸಿದ್ದೀರಾ?’

ಸೇರಿಸಿದ್ದೆ! ಆ ಕಾಲಂ ಅಕ್ಷರಸ್ಥರಲ್ಲದ ಎಲ್ಲರನ್ನೂ, ಹುಟ್ಟಿದ ಕೂಸಿನಿಂದ ಹಿಡಿದು, ಎಣಿಸುತ್ತದೆ. ನಾನು ಬಿಟ್ಟ ‘ಪಿ_06’ ಎಂದರೆ ಆರು ವರ್ಷದವರೆಗಿನ ಮಕ್ಕಳು. ಜನಗಣತಿಯ ಸಾಕ್ಷರತಾ ಪ್ರಮಾಣ ಏಳು ಮತ್ತು ಅದಕ್ಕೆ ಮೇಲಿನವರದು. ಮೊದಲು ಆ ಮಕ್ಕಳನ್ನು ಕಳೆಯಬೇಕು. ಇಡೀ ದೇಶದ ಅಂಕಿ ತೆಗೆದುಕೊಳ್ಳಿ. 2011ರಲ್ಲಿ ಜನ 121.09 ಕೋಟಿ, ಅಕ್ಷರಸ್ಥರು 76.36 ಕೋಟಿ, ಆರರವರೆಗಿನ ಮಕ್ಕಳು 16.45 ಕೋಟಿ. ನನ್ನಂತೆ ಲೆಕ್ಕ ಹಾಕಿದರೆ ಸಾಕ್ಷರತೆ ಶೇ 63. ಮಕ್ಕಳನ್ನು ಕಳೆದು ಹಾಕಿದರೆ ಶೇ 73. ಹೆಸರಿನ ಅರ್ಥ ಕೇಳದೆ ನಾನು ಹದಿನಾರು ಕೋಟಿಗೂ ಹೆಚ್ಚು ಕೂಸುಗಳಿಗೆ ಅನಕ್ಷರಸ್ಥರೆಂಬ ಪಟ್ಟ ಕಟ್ಟುವ ದಾರಿ ಹಿಡಿದಿದ್ದೆ. ಪಟ್ಟಿಯ ಜೊತೆಗೆ ಕಾಲಂಗಳ ಅರ್ಥ ಹೇಳುವ ಒಂದು ಹಾಳೆ ಇದ್ದೇ ಇರುತ್ತದೆ, ಓದಿರಲಿಲ್ಲ. ಅಜ್ಜಿಗೆ ಮಾರನೆಯ ದಿನ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಕಾಫಿ ಕೊಟ್ಟರು.

ಈ ಪ್ರಸಂಗವನ್ನು ಆ ಸಂಜೆ ಹುಡುಗಿಗೆ ಹೇಳಿದಾಗ ಅವಳ ಮುಖ ಸ್ವಲ್ಪ ಅರಳಿತು. ಹೊಸ ಚಿತ್ರ ಬರೆಸಿದಳು. ಸೊರಬದ ಕಂಬ ಶಿಕಾರಿಪುರವನ್ನು ದಾಟಿ ಎದ್ದು ನಿಂತಿತು. ತೀರ್ಥಹಳ್ಳಿ ತನ್ನ ಜಾಗಕ್ಕೆ ಹೋಯಿತು. ಪ್ರಾಜೆಕ್ಟ್ ವರದಿಯಲ್ಲಿ ‘ಕಾಲಂ ಹೆಸರುಗಳ ಶುದ್ಧೀಕರಣ’ ಎಂದು ಅರ್ಧ ಪುಟ ಸೇರಿಸು, ತಪ್ಪನ್ನೂ ಬರೆ ಎಂದೆ. ‘ಮಾರ್ಕ್ಸ್ ಕಡಿಮೆ ಮಾಡಿದರೆ ಸರ್?’ ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಆದರೂ ಬರೆದಳು. ತಂದೆ ಛತ್ರಿ ಬಿಡಿಸುತ್ತ, ‘ಒಟ್ಟಿನಲ್ಲಿ ಮಳೆ ಬಂದಿದ್ದು ಹೌದು ತಾನೆ?’ ಎಂದರು. ಹೊರಗೆ ಆಗಲೂ ಸುರಿಯುತ್ತಿತ್ತು.

ಮಕ್ಕಳೇ, ಮುಂದಿನ ವಾರಕ್ಕೆ ಒಂದು ಕೆಲಸ. ಹೀಗೆ ತುಂಡಾಗಬಲ್ಲವು ಒತ್ವ, ಗುಡಿಸಿನ ದೀರ್ಘ ಮಾತ್ರವಲ್ಲ. ಎತ್ವದ ದೀರ್ಘ, ಐತ್ವ, ಒತ್ವದ ದೀರ್ಘಗಳೂ ಹೌದು. ನಮ್ಮ ರಾಜ್ಯದ 31 ಜಿಲ್ಲೆಗಳ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಗಣಕಕ್ಕೆ ಎರಡಾಗಿ ಕಾಣಬಹುದಾದ ಹೆಸರುಗಳು ಎಷ್ಟು? ಬೀದರ್ ಒಂದನ್ನು ನಾನು ಹೇಳಿಕೊಟ್ಟಿದ್ದೇನೆ. ಉಳಿದವನ್ನು ಅಪ್ಪ ಅಮ್ಮನ ಜೊತೆ ಕೂತು ಹುಡುಕಿ.